ದೂರುವವರಿಲ್ಲದ ಪಟ್ಟ

“ಕೇಳ್ರಪ್ಪೋ ಕೇಳ್ರಿ! ದೊರೆ ನಾಗಭೂಪರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ, ತಪ್ಪಿದವರ ತಲೆ ತೆಗೆಸುತ್ತಾರೆ!”

ಗಿರಿದುರ್ಗದಲ್ಲಿ ಹೀಗೆ ಡಂಗುರ ಬಿದ್ದಾಗ ಹುಲ್ಲು ಮಾರುವ ದ್ಯಾವಿ ಹೊರೆ ಇಳಿಸಿ ನಿಂತಳು. ಅವಳಿಗೆ ಬೇಕಾದದ್ದು ಒಂದೇ, ದಂಡಿನ ಒಡೆಯ ದಣ್ಣಾಯಕ ರಣಬಾಹುವಿನ ನಾಶ.

ದೂರುವವರು ಯಾರೂ ಇಲ್ಲದಿರುವ ತನಕ ಮಾತ್ರ ದಣ್ಣಾಯಕನಿಗೆ ಪಟ್ಟ, ಇದು ಆ ರಾಜ್ಯದ ಕಟ್ಟಳೆ. ಒಬ್ಬ ದೂರಿದರೂ ಪಟ್ಟ ತಾನೇ ಇಳಿಯುತ್ತಿತ್ತು. ದಣ್ಣಾಯಕ ದಂಡಿನ ಕಾಳು ಕದ್ದನೆಂದು ದ್ಯಾವಿಯ ಅಣ್ಣ ಚೌಡ ದೂರಿದ, ಪಟ್ಟ ಇಳಿಯಿತು. ಮರುದಿನ ಚೌಡ ಬಾವಿಯಲ್ಲಿ ಹೆಣವಾಗಿ ಸಿಕ್ಕ. ದೂರುವವನೇ ಇಲ್ಲವೆಂದ ಮೇಲೆ ಪಟ್ಟ ಯಾರ ಅಪ್ಪಣೆಯೂ ಇಲ್ಲದೆ ರಣಬಾಹುವಿಗೆ ಮರಳಿತು. ದ್ಯಾವಿಯೂ ದೂರಬಹುದಿತ್ತು, ಬಾವಿ ಇನ್ನೂ ಬತ್ತಿರಲಿಲ್ಲವಲ್ಲ! ಅವನ ಕುದುರೆಗೇ ಹುಲ್ಲು ಹಾಕುತ್ತ ಕಾದಳು. ತಾಳಿದವನು ಬಾಳಿಯಾನು ಎನ್ನುತ್ತಾರೆ. ಅವಳು ತಾಳಿದ್ದು ಬಾಳಲಿಕ್ಕಲ್ಲ.

ಸಭೆಯಲ್ಲಿ ದೊರೆ ಕೇಳಿದ, “ಒಬ್ಬ ಮನುಷ್ಯ ಇಲ್ಲದ್ದಕ್ಕೇ ನಿಂತಿದೆ, ಅವನು ಬಂದರೆ ಯಾರೂ ಕೆಡವದೆ ಬೀಳುತ್ತದೆ. ಏನದು?”

“ಕತ್ತಲೆ,” ಎಂದ ಮೂಡಲ ಸೀಮೆಯ ರಾಜಕುಮಾರ. ರಣಬಾಹು ತನ್ನ ಕೈಯಾರೆ ಅವನ ತಲೆ ತೆಗೆದ.

“ಭಯ. ಧೀರ ಬಂದರೆ ಹೋಗುತ್ತದೆ,” ಎಂದರು ಶಾಸ್ತ್ರಿಗಳೊಬ್ಬರು.

“ನಾನು ಎದುರಿಗೇ ಕೂತಿದ್ದೇನೆ, ನೀವು ನಡುಗುತ್ತಲೇ ಇದ್ದೀರಲ್ಲ!” ಎಂದ ದೊರೆ. ರಣಬಾಹು ಮತ್ತೆ ಕತ್ತಿ ಒರೆಸಿಕೊಂಡ.

ದ್ಯಾವಿ ಮುಂದೆ ಬಂದಳು. “ದಣ್ಣಾಯಕರ ಪಟ್ಟ, ಬುದ್ಧೀ. ದೂರುವವ ಬಂದ್ರೆ ಬೀಳುತ್ತೆ.”

“ಹೌದು! ಬಿದ್ದ ಪಟ್ಟವನ್ನು ಯಾರೂ ಕೊಡದೆ ಮತ್ತೆ ಏಳಿಸುವುದು ಯಾವುದು?”

“ದೂರಿದವನ ಹೆಣ.”

ದೊರೆಯ ನಗು ಮಾಯವಾಯಿತು. “ಯಾರು ಬಂದರೂ, ಯಾರು ಸತ್ತರೂ ಕದಲದ್ದು?”

“ಇಂಥವರು ಇದ್ರೆ, ಇಲ್ದಿದ್ರೆ ಅನ್ನೋ ಕೊಕ್ಕೆ ಹಾಕದೆ ನೀವು ಆಡಿದ ಮಾತು. ಅದನ್ನ ನೀವೇ ಹಿಂದಕ್ಕೆ ತಗೋಬೇಕು, ತಾನಾಗಿ ಹೋಗಲ್ಲ.”

“ಮೂರೂ ಸರಿ. ಏನು ಬೇಕು?”

“ಇನ್ನೇನು, ನನ್ನ ತಲೆ ಕೇಳ್ತಾಳೆ,” ಎಂದು ರಣಬಾಹು ನಕ್ಕ.

“ತಲೆ ಬೇಡ. ನಮ್ಮಣ್ಣ ಚೌಡನ ದೂರು ಇದೆ ಅಂತ ನಿಮ್ಮ ಬಾಯಲ್ಲಿ ಹೇಳಿಬಿಡಿ ಬುದ್ಧೀ. ಅವನು ಸತ್ತರೂ ಅದು ಉಳೀಲಿ.”

ದೊರೆ ಎದ್ದು ನಿಂತ. “ಚೌಡನ ದೂರು ಇದೆ.”

ಅಷ್ಟೇ. ಪಟ್ಟ ಹೋಯಿತು, ಪಟ್ಟದಿಂದ ಬಂದಿದ್ದ ಕತ್ತಿ, ಮನೆ, ಕಾವಲು ಎಲ್ಲವೂ ಅದರ ಬೆನ್ನಿಗೇ ಹೋದವು. ಬಾಗಿಲಾಚೆ, ರಣಬಾಹು ಕಾಳು ಕದ್ದು ಉಪವಾಸ ಕೆಡವಿದ್ದ ದಂಡು ಕಾಯುತ್ತಿತ್ತು.

ದ್ಯಾವಿ ತಾನೇ ಹೋಗಿ ಬಾಗಿಲು ತೆರೆದಳು. “ಪಟ್ಟ ಮತ್ತೆ ಬೇಕಾ? ಈಗ ಯಾರನ್ನ ಬಾವಿಗೆ ನೂಕ್ತೀಯೋ ನೂಕು.”