ಮಲ್ಲಿಗೆಯ ಕುಂಡಕ್ಕೆ ಕೊತ್ತಂಬರಿ

ಬೆಳಗಿನ ಕಾಫಿ ಲೋಟ ಹಿಡಿದು ಕುಂಡಗಳ ಮುಂದೆ ಓಡಾಡುವುದು ವಾರಿಜಮ್ಮನ ಅಭ್ಯಾಸ. ಹೂ ಬಿಟ್ಟ ಗಿಡಕ್ಕೆ "ನನ್ನ ಬಂಗಾರಿ" ಎನ್ನುತ್ತಾರೆ. ಬಿಡದ ಗಿಡಕ್ಕೆ "ಸೋಮಾರಿ" ಎನ್ನುತ್ತಾರೆ.

ಬೇಸಿಗೆಯಲ್ಲಿ ಬಂಗಾರಿಯಾಗಿದ್ದ ಮಲ್ಲಿಗೆ, ಪಕ್ಕದ ಕುಂಡದ ಸೇವಂತಿಗೆಗೆ ದಿನವೂ ಉಪದೇಶ ಮಾಡುತ್ತಿತ್ತು. "ಬೇಗ ಏಳಬೇಕು ಕಣೇ. ಮನಸ್ಸು ಮಾಡಿದರೆ ಹೂ ತಾನಾಗಿ ಬರುತ್ತೆ." ಪಾಪ, ಸೇವಂತಿಗೆ ಅದನ್ನು ನಂಬಿ ಮಳೆಗಾಲವಿಡೀ ಬೇಗ ಎದ್ದು ಮನಸ್ಸು ಮಾಡಿತು. ಬಂದದ್ದು ಬರೀ ಎಲೆ.

ಚಳಿ ಶುರುವಾದಾಗ ಸೇವಂತಿಗೆ ಹಾಯಾಗಿ ನಿದ್ದೆ ಮಾಡುತ್ತಲೇ ಮೈತುಂಬಾ ಹಳದಿ ಹೂ ಬಿಟ್ಟಿತು. ಮಲ್ಲಿಗೆಯಲ್ಲಿ ಒಂದು ಮೊಗ್ಗೂ ಇಲ್ಲ.

ಒಂದು ದಿನ ವಾರಿಜಮ್ಮ ಕೊತ್ತಂಬರಿ ಬೀಜ ಹಿಡಿದುಕೊಂಡೇ ಬಂದರು. "ಈ ಸೋಮಾರಿಯನ್ನ ಕಿತ್ತು ಕೊತ್ತಂಬರಿ ಹಾಕ್ತೀನಿ. ಸಾರಿಗಾದರೂ ಆಗುತ್ತೆ," ಎಂದು ಮಣ್ಣು ಕೆದಕುವ ಹಳೇ ಸೌಟು ತರಲು ಒಳಗೆ ಹೋದರು.

ಮಲ್ಲಿಗೆ ಬೇರಿನವರೆಗೂ ನಡುಗಿತು. "ಸೇವಂತಕ್ಕಾ, ಏನಾದರೂ ಮಾಡಿ!"

"ನಿನ್ನೆವರೆಗೂ ಕಣೇ ಅಂತಿದ್ದೆ, ಇವತ್ತು ಅಕ್ಕನಾ? ಇರಲಿ. ನೋಡಮ್ಮಾ, ಬೇಗ ಏಳಬೇಕು. ನಾನು ಎಷ್ಟು ಕಷ್ಟಪಟ್ಟು ಮೇಲೆ ಬಂದೆ ಗೊತ್ತಾ? ಮೊದಮೊದಲು..." ಸೇವಂತಿಗೆ ಕಣ್ಣು ಮುಚ್ಚಿ ತನ್ನ ಸಾಧನೆಯ ಕಥೆ ಶುರುಮಾಡಿತು.

ಒಳಗೆ ಸೌಟು ಸಿಕ್ಕಿದ ಸದ್ದಾಯಿತು. ವಾರಿಜಮ್ಮನ ಚಪ್ಪಲಿ ಸದ್ದು ಬಾಗಿಲ ಕಡೆ ತಿರುಗಿತು.

"ಕಥೆ ಆಮೇಲೆ ಕೇಳ್ತೀನಿ ಅಕ್ಕಾ. ಈಗ ನಿಮ್ಮದೊಂದು ರೆಂಬೆ ನನ್ನ ಕುಂಡದೊಳಗೆ ಬಾಗಿಸಿ. ಹಳದಿಯಾದರೂ ಪರವಾಗಿಲ್ಲ, ನಂದೇ ಅಂತೀನಿ. ಬಾಗಿಸ್ತೀರಾ?"