ಸಾವಂತ್ರಿಯ ಕೆಂಪು ಗೆರೆ

ಸಂಗಯ್ಯಜ್ಜ ತಂಬೂರಿ ಶ್ರುತಿ ಮಾಡಲು ಕೂತರೆ ಹೊಳೆಯ ಮೊಸಳೆ ದಂಡೆಗೆ ಬಂದು ಬಾಯಿ ಮುಚ್ಚಿಕೊಂಡು ಮಲಗುತ್ತಿತ್ತು. ಅದರ ಬೆನ್ನ ಮೇಲೆ ಕೂತು ನಾನು ಎಲೆಅಡಿಕೆ ಹಾಕಿದ್ದೇನೆ. ನಂಬದವರು ಮೊಸಳೆಯನ್ನೇ ಕೇಳಬಹುದು.

ಅಜ್ಜನ ಆಶ್ರಮ ಈಚೆ ದಂಡೆಯಲ್ಲಿತ್ತು. ಹಾಡು ಕಲಿಯುವ ಮಕ್ಕಳು ಆಚೆ ದಂಡೆಯ ಊರುಗಳವರು. ಒಂದು ಮಳೆಗಾಲ ನಡುವಿನ ಸೇತುವೆ ಕೊಚ್ಚಿಹೋಯಿತು. ದೊಡ್ಡ ದೋಣಿಯವರೂ ಕೈ ಎತ್ತಿದರು.

ಆ ನೀರಿನಲ್ಲಿ ಹರಿಗೋಲು ಹಾಕುವ ಗಂಡಸು ಎಂದರೆ ನಾನೊಬ್ಬನೇ. ನಾನು ಇಳಿದರೆ ಹೊಳೆ ಹಾದಿ ಬಿಡುತ್ತದೆ, ಅದು ನಮ್ಮಿಬ್ಬರ ಹಳೆಯ ಒಪ್ಪಂದ. ಆದರೂ ತಾಯಂದಿರು ಮಕ್ಕಳನ್ನು ಹತ್ತಿಸಲಿಲ್ಲ. ಹೊಳೆಯನ್ನಾದರೂ ನಂಬಿಯೇವು, ನಿನ್ನನ್ನಲ್ಲ ಎಂದರು.

ಪಾಠ ನಿಂತಿತು.

ಅಜ್ಜನ ಹಿರಿಯ ಶಿಷ್ಯ ಚನ್ನಬಸು. ಮೀಸೆ ಮೂಡುವ ಮೊದಲೇ ಆಶ್ರಮಕ್ಕೆ ಬಂದವ, ಕಂಠ ಒಳ್ಳೆಯದು. ಅದು ಅವನಿಗೂ ಗೊತ್ತಿತ್ತು. ಪಾಠವನ್ನು ಫೋನಿನ ಮೇಲೆ ಹೇಳೋಣ ಎಂದ. ಅಜ್ಜ ಆಗಲಿ ಎಂದರು. ಸಾಧನ ನೀನೇ ಆರಿಸು ಎಂದೂ ಹೇಳಿದರು.

ಅವನು ಆರಿಸಿದ ರೀತಿ ನೋಡಬೇಕಿತ್ತು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರೂ ಅಷ್ಟು ಬಗ್ಗಿ ನೋಡುವುದಿಲ್ಲ. ಒಂದು ಆ್ಯಪಿನಲ್ಲಿ ಮಕ್ಕಳ ಮುಖಗಳು ಜೇನುಹುಟ್ಟಿನ ಹಾಗೆ ಒತ್ತಾಗಿ ಕೂರುತ್ತಿದ್ದವು. ಇನ್ನೊಂದರಲ್ಲಿ ಕರಿಹಲಗೆ ಇತ್ತು, ಸೀಮೆಸುಣ್ಣ ಬೇಡ. ಮತ್ತೊಂದು ಹಾಡನ್ನು ಹಿಡಿದಿಟ್ಟುಕೊಂಡು ಬೇಕೆಂದಾಗ ಬಿಡುತ್ತಿತ್ತು.

ಕೊನೆಗೆ ಅವನ ಮನಸ್ಸು ನಿಂತದ್ದು ಎಲ್ಲಕ್ಕಿಂತ ಜಾಣ ಆ್ಯಪಿನ ಮೇಲೆ. ನಾಯಿ ಬೊಗಳಲಿ, ಪಾತ್ರೆ ಬೀಳಲಿ, ಅದು ಮನುಷ್ಯರ ದನಿಯನ್ನಷ್ಟೇ ಸೋಸಿ ಆಚೆಗೆ ಕಳಿಸುತ್ತಿತ್ತು. ಹಾಡುವವರ ಸ್ವರ ಸರಿಯಿದ್ದರೆ ಹಸಿರು ಗೆರೆ ಎಳೆಯುತ್ತಿತ್ತು, ತಪ್ಪಿದರೆ ಕೆಂಪು ಗೆರೆ.

ಅದರ ಗುಣಗಾನವನ್ನೆಲ್ಲ ಅಜ್ಜ ಕೇಳಿದರು.

“ಅದು ತರೋದೆಲ್ಲ ಹೇಳಿದಿ. ಬಿಟ್ಟು ಬರೋದೇನು?”

“ಕಸ ಅಷ್ಟ ಅಜ್ಜಾ.”

“ಕಸ ಯಾವುದು ಅಂತ ಯಾರು ಹೇಳ್ತಾರ?”

“ಅದಕ್ಕ ಗೊತ್ತೈತ್ರಿ. ಭಾಳ ಶಾಣ್ಯಾ ಐತಿ.”

ಅಜ್ಜ ಎದ್ದು ಆಕಳಿಗೆ ನೀರು ಕುಡಿಸಲು ಹೋದರು.

ಪಾಠ ಶುರುವಾಯಿತು. ಚನ್ನಬಸು ಫೋನಿನ ಮುಂದೆ ಕೂತು ತಂಬೂರಿ ಮೀಟುತ್ತ ಹಾಡುವನು, ಆಚೆ ದಂಡೆಯ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಕೂತು ಹಾಡುವರು. ಹಳೆಯ ಮಕ್ಕಳು ಸುಮಾರಾಗಿ ನಡೆದುಕೊಂಡು ಹೋದರು. ಫೋನಿನಲ್ಲೇ ಹೊಸದಾಗಿ ಸೇರಿದವಳು ಒಬ್ಬಳು, ಸಾವಂತ್ರಿ. ಆಶ್ರಮವನ್ನು ಅವಳು ಕಣ್ಣಾರೆ ಕಂಡವಳಲ್ಲ.

ಅವಳ ಅಪ್ಪ ದುರುಗಪ್ಪ ಮಗಳನ್ನು ಕೆಲಸದಿಂದ ಬಿಡುತ್ತಿದ್ದುದು ಆ ಒಂದು ಹೊತ್ತು ಮಾತ್ರ. ಅವನ ಮಾತು ಖಡಕ್ಕು. ಹುಡುಗಿಗೆ ಹಾಡು ಬರುತ್ತದೆ ಎಂದು ಆಶ್ರಮದವರು ಹೇಳಿದರೆ ಕಲಿಯಲಿ. ಬರುವುದಿಲ್ಲ ಎಂದರೆ ಅವತ್ತೇ ಫೋನು ಕಸಿದುಕೊಳ್ಳುತ್ತೇನೆ ಎಂದಿದ್ದ.

ಸಾವಂತ್ರಿಯ ಗೆರೆ ಮೊದಲ ದಿನದಿಂದಲೂ ಕೆಂಪು. ಚನ್ನಬಸು ತಿದ್ದಿದ. ಗದರಿದ. ಉಳಿದ ಮಕ್ಕಳ ಮುಂದೆ, ನಿನಗಿಂತ ನಮ್ಮ ಬಾಗಿಲ ಕೀಲು ಶ್ರುತಿಯಲ್ಲಿದೆ ಎಂದ. ಮಕ್ಕಳು ನಕ್ಕರು. ಅವಳು ಮರುದಿನವೂ ಬಂದು ಕೂತಳು, ಮತ್ತೆ ಕೆಂಪು.

ಒಂದು ಮುಂಜಾನೆ ಚನ್ನಬಸು ಅಜ್ಜನ ಮುಂದೆ ಬಂದು ನಿಂತ. ಈ ಹುಡುಗಿಗೆ ಕಿವಿಯೇ ಇಲ್ಲ, ಬಿಡಿಸಿಬಿಡೋಣ, ಅವಳ ಅಪ್ಪನಿಗೂ ಹೇಳಿ ಕಳಿಸುತ್ತೇನೆ ಎಂದ. ಸಾಕ್ಷಿಗೆ ಫೋನಿನಲ್ಲಿ ಉಳಿದಿದ್ದ ಅವಳ ಗೆರೆಗಳನ್ನು ಒಂದೊಂದಾಗಿ ಸರಿಸಿ ತೋರಿಸಿದ.

ಅಜ್ಜ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ನಾನೂ ಹೆಗಲ ಮೇಲಿಂದ ಇಣುಕಿದೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೆ ಹದ್ದಿನ ರೆಕ್ಕೆಯ ಪುಕ್ಕವನ್ನು ನೆಲದಿಂದ ಎಣಿಸಿದ ಕಣ್ಣು ನನ್ನದು. ಗೆರೆ ಕೆಂಪಗಿತ್ತು, ಸರಿ. ಹಸಿರು ಇರಬೇಕಾದ ಜಾಗಕ್ಕಿಂತ ತುಸು ಮೇಲಿತ್ತು. ಗೋಡೆ ಕಟ್ಟುವ ಗೌಂಡಿ ದಾರ ಬಿಗಿದು ಎಳೆದ ಹಾಗೆ ನೆಟ್ಟಗಿತ್ತು. ಹಿಂದಿನ ದಿನದ್ದೂ ಅಲ್ಲೇ, ಅದರ ಹಿಂದಿನದ್ದೂ ಅಲ್ಲೇ.

“ಹಾದಿ ತಪ್ಪಿದಾಂವ ದಿನಾ ಒಂದ ಮನಿಗೆ ಹೋಗಿ ಮುಟ್ಟತಾನೇನು?” ಎಂದರು ಅಜ್ಜ.

ಚನ್ನಬಸುವಿಗೆ ತಿಳಿಯಲಿಲ್ಲ. ತಪ್ಪು ಮನೆಯಾದರೆ ದಿನಾ ಹೋದರೂ ತಪ್ಪೇ ಎಂದು ವಾದಿಸಿದ. ಗೆರೆ ಕೆಂಪೋ ಅಲ್ಲವೋ ನೀವೇ ಹೇಳಿ ಎಂದ.

“ಕೆಂಪ ಐತಿ,” ಎಂದರು ಅಜ್ಜ. “ಬಿಡಿಸೋದಾದರ ಬಿಡಿಸು. ಆದರ ಎದುರು ಕೂತು ಬಿಡಿಸು. ಆಚೆ ದಂಡಿಗೆ ಹೋಗು, ಅವಳ ಪಕ್ಕದಾಗ ಕೂತು ಕಡೇ ಪಾಠ ನೀನೂ ಕೇಳು. ಇವತ್ತು ಇಲ್ಲಿ ತಂಬೂರಿ ನಾ ಮೀಟತೇನಿ.”

ಹರಿಗೋಲಿಗೆ ನನ್ನನ್ನು ಕರೆದರು. ಬೇರೆ ಯಾರನ್ನು ಕರೆಯುತ್ತಾರೆ?

ನಡುನೀರಿನಲ್ಲಿ ಒಂದು ಸುಳಿ ನಮ್ಮನ್ನು ಹಿಡಿದು ಬುಗುರಿ ಆಡಿಸಿತು. ನಾನು ಹುಟ್ಟನ್ನು ಎತ್ತಿ ಅದಕ್ಕೊಂದು ಬಾರಿಸಿದೆ. ಸುಳಿ ಬಿಚ್ಚಿಕೊಂಡು ಪಕ್ಕಕ್ಕೆ ಹೋಯಿತು. ಚನ್ನಬಸು ಕಣ್ಣು ಮುಚ್ಚಿಕೊಂಡಿದ್ದರಿಂದ ಇದಕ್ಕೆ ಸಾಕ್ಷಿ ಇಲ್ಲ. ಅವನು ಹುಡುಗಿಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ.

ದುರುಗಪ್ಪನದು ಹಿಟ್ಟಿನ ಗಿರಣಿ. ಹಿಂದೆ ಮನೆ, ಮುಂದೆ ಗಿರಣಿ, ನಡುವೆ ಒಂದು ಕಟ್ಟೆ. ಸಾವಂತ್ರಿ ರೆಪ್ಪೆಗೆಲ್ಲ ಹಿಟ್ಟು ಮೆತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಗುರುವೇ ಮನೆಗೆ ಬಂದದ್ದು ಕಂಡು ಎದ್ದು ನಿಂತಳು. ದುರುಗಪ್ಪ ಜೋಳದ ಚೀಲ ಇಳಿಸಿ ಬಾಗಿಲಿಗೆ ಬಂದ. ಪಾಠದ ಹೊತ್ತಿಗೇ ನಮ್ಮೂರಿಗೆ ಕರೆಂಟು ಬರೋದು, ಗಿರಣಿ ನಿಲ್ಲಿಸಲಾಗುವುದಿಲ್ಲ, ಬೇಗ ಹೇಳಿಬಿಡಿ ಎಂದ. ಪಾಠ ಮುಗಿಯಲಿ, ಹೇಳುತ್ತೇನೆ ಎಂದ ಚನ್ನಬಸು.

ಸಾವಂತ್ರಿಯ ಫೋನಿನಲ್ಲಿ ಅಜ್ಜನ ಮುಖ ಬಂತು. ತೊಡೆಯ ಮೇಲೆ ತಂಬೂರಿ. ಬೆರಳು ಆಡುತ್ತಿತ್ತು.

ಚನ್ನಬಸು ಕಾದ. ಬೆರಳು ಆಡುತ್ತಲೇ ಇತ್ತು. ಅಜ್ಜ ಯಾವಾಗ ಶುರುಮಾಡುತ್ತಾರೆ ಎಂದು ಮತ್ತಷ್ಟು ಕಾದ. ಫೋನನ್ನು ಕಿವಿಗೆ ಒತ್ತಿ ಹಿಡಿದ. ದನಿ ಬರುತ್ತಿಲ್ಲವೆಂದು ಒಂದು ಗುಂಡಿ ಒತ್ತಿದ, ಇನ್ನೊಂದು ಒತ್ತಿದ.

“ಅಜ್ಜಾ, ಶುರು ಮಾಡ್ರಿ.”

“ಆಗಲೇ ಮಾಡೇನಿ.” ಅಜ್ಜನ ದನಿ ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿ ಬಂತು. “ನೀ ಹರಿಗೋಲು ಹತ್ತಿದಾಗಿಂದ ಮೀಟಾಕತ್ತೇನಿ.”

ಚನ್ನಬಸು ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದ. ನಾಲ್ಕು ತಂತಿ, ಒಂದು ಬೆರಳು, ಸದ್ದಿಲ್ಲ. ಆಮೇಲೆ ಸಾವಂತ್ರಿಯ ಕಡೆ ತಿರುಗಿ, ತಂಬೂರಿ ನಿನಗೆ ಯಾವತ್ತಾದರೂ ಕೇಳಿಸಿದೆಯೇ ಎಂದು ಕೇಳಿದ.

“ಅದು ಸದ್ದು ಮಾಡ್ತದೇನ್ರಿ?” ಎಂದಳು ಹುಡುಗಿ. “ಹಾಡೋ ಮುಂದ ಕಟ್ಟಿಗಿ ಸವರೋದು ಆಶ್ರಮದ ಪದ್ಧತಿ ಅಂತ ತಿಳಿದಿದ್ದೆ. ನಾನೂ ಲಟ್ಟಣಿಗಿ ಸವರತಿದ್ದೆ.”

ಪಕ್ಕದಲ್ಲಿ ನಿಜವಾಗಿಯೂ ಒಂದು ಲಟ್ಟಣಿಗೆ ಇತ್ತು. ಸವರಿ ಸವರಿ ಹೊಳೆಯುತ್ತಿತ್ತು.

ಹಾಡು ಎಂದ ಚನ್ನಬಸು. ಅವನ ದನಿ ಇಳಿದಿತ್ತು.

ಅವಳು ಲಟ್ಟಣಿಗೆ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಸಾ ಹಿಡಿದಳು.

ಆಗ ಅವನಿಗೆ ಕೇಳಿಸಿತು. ನನಗೂ. ಬೆನ್ನ ಹಿಂದೆ ಗಿರಣಿಯ ಮೋಟಾರು ಒಂದೇ ಸಮ ಹೂಂಕರಿಸುತ್ತಿತ್ತು. ಹುಡುಗಿಯ ಸಾ ಹೋಗಿ ಅದರೊಳಗೆ ಕೂತಿತ್ತು. ಯಾವುದು ಕಂಠ, ಯಾವುದು ಯಂತ್ರ ಎಂದು ಹೇಳಲಾಗದ ಹಾಗೆ ಕೂತಿತ್ತು. ಗಿರಣಿಗೆ ಆತುಕೊಂಡು ನಿಂತ ನನ್ನ ಬೆನ್ನೆಲುಬೂ ಅದೇ ಸ್ವರದಲ್ಲಿ ಹಾಡಿತು, ಇದರಲ್ಲಿ ಸುಳ್ಳಿಲ್ಲ.

ಫೋನಿನಲ್ಲಿ ಅವಳ ಗೆರೆ ಎದ್ದಿತು. ಕೆಂಪಗೆ, ನೆಟ್ಟಗೆ.

ಚನ್ನಬಸು ಅವಳ ಕಡೆ ತಿರುಗಿದ. ನಾನು ಹಾಡಿ ತೋರಿಸಿದ ಸ್ವರ ಕೇಳಿಸುತ್ತಿತ್ತಲ್ಲ, ಅದನ್ನು ಬಿಟ್ಟು ಇದನ್ನೇಕೆ ಹಿಡಿದೆ ಎಂದು ಕೇಳಿದ.

ಸಾವಂತ್ರಿ ಅಪ್ಪನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು.

“ನಿಮ್ಮ ದನಿ ಬರ್ತದ, ಹೋಗ್ತದ. ಮೊದಲನೇ ದಿನ ನೀವ ಹೇಳಿದ್ರಿ, ನಿನ್ನ ದನಿ ನಿಂತರೂ ನಿಲ್ಲದ್ದು ಶ್ರುತಿ, ಅದನ್ನ ಬಿಡಬ್ಯಾಡ ಅಂತ. ಇಲ್ಲಿ ನಿಲ್ಲದ್ದು ಇದೊಂದ. ನೀವು ಬೈದಾಗೆಲ್ಲ ಇನ್ನೂ ಗಟ್ಟಿಯಾಗಿ ಹಿಡಕೊಂಡೆ.”

ಚನ್ನಬಸು ಫೋನನ್ನು ಬಾಯಿ ಹತ್ತಿರ ತಂದ. ಅಜ್ಜಾ, ಈ ಹುಡುಗಿ ಗಿರಣಿಗೆ ಶ್ರುತಿ ಮಾಡಿದ್ದಾಳೆ, ಕೇಳಿಸುತ್ತದೆಯೇ ಎಂದ.

“ಯಾವ ಗಿರಣಿ?” ಎಂದರು ಅಜ್ಜ. “ನನಗ ಆಕಿ ದನಿ ಒಂದ ಕೇಳಾಕತ್ತೈತಿ.”

ತಂಬೂರಿಯೂ ಕಸ, ಗಿರಣಿಯೂ ಕಸ ಎಂದು ಆ್ಯಪು ಸೋಸಿಬಿಟ್ಟಿತ್ತು. ಶಿಷ್ಯ ಕಟ್ಟೆಯ ಮೇಲೆ ಕೂತುಬಿಟ್ಟ. ಹಿಟ್ಟು ಎದ್ದು ಅವನ ಮುಖಕ್ಕೂ ಮೆತ್ತಿತು.

ದುರುಗಪ್ಪನಿಗೆ ಇದೆಲ್ಲ ತಲೆಗೆ ಹೋಗಲಿಲ್ಲ. ಅವನು ಹಿಟ್ಟಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಎದುರಿಗೆ ಬಂದು ನಿಂತ. ಮಗಳ ಕೈಯಿಂದ ಲಟ್ಟಣಿಗೆ ತೆಗೆದುಕೊಂಡ. ಗಿರಾಕಿಗಳು ಕಾಯುತ್ತಿದ್ದಾರೆ, ಸುತ್ತಿ ಬಳಸುವುದು ಬೇಡ ಎಂದ.

“ಬರ್ತದೋ, ಇಲ್ಲೋ? ಒಂದು ಮಾತು ಹೇಳ್ರಿ.”

ಹೊಳೆ ದಾಟುತ್ತ ಜೋಡಿಸಿಕೊಂಡ ಮಾತನ್ನು ಚನ್ನಬಸು ಅಲ್ಲೇ ಬಿಟ್ಟ. ಅವನು ಫೋನು ನೋಡಿದ. ಅಜ್ಜಾ, ನಾನು ಈ ಆ್ಯಪನ್ನು ಕೆಟ್ಟದಾಗಿ ಆರಿಸಿದೆ, ಬೇರೆ ಸಾಧನ ಹುಡುಕಲೇ, ಎಲ್ಲ ಬಿಟ್ಟು ಸೇತುವೆ ಆಗುವವರೆಗೆ ಕಾಯಲೇ, ಇವರಿಗೆ ಏನು ಹೇಳಲಿ ಎಂದು ಒಂದೇ ಉಸಿರಿಗೆ ಕೇಳಿದ.

ಅಜ್ಜನ ಬೆರಳು ತಂತಿಯ ಮೇಲೆ ನಿಂತಿತು.

“ನೀ ಏನೂ ಹೇಳಬ್ಯಾಡ,” ಎಂದರು. “ಆಕಿ ಕೂತಲ್ಲೇ ಕೂತು ನೀ ಹಾಡು. ನಿನ್ನ ದನಿ ಗಿರಣಿ ಶ್ರುತಿಗೆ ಸೇರ್ತೋ ಇಲ್ಲೋ, ಆಕಿ ಹೇಳಲಿ.”