ದಿವಾನರು ಹೊಕ್ಕ ಚೌಕ

ತಮ್ಮ ಪೇಟೆಗೆ ಕೊನೆಯೇ ಇಲ್ಲವೆಂದು ದಿವಾನರಿಗೆ ಬಲು ಹೆಮ್ಮೆ. ಒಂದು ದಿನ ಗುಮಾಸ್ತ ಕೆಂಚಣ್ಣನನ್ನು ಕರೆದರು.

"ಪ್ರತಿ ಹತ್ತು ಚೌಕಕ್ಕೆ ಮೂವರಂತೆ ಮಾತ್ರ ಕಾವಲುಗಾರರು. ಕಳ್ಳ ಯಾವ ಚೌಕದಲ್ಲಿದ್ದಾನೆಂದು ನೀನು ಕೂತಲ್ಲೇ ಹೇಳಬೇಕು. ತಪ್ಪಿದರೆ ಕೆಲಸ ಹೋಯಿತು ಅಂತಲೇ ತಿಳಿ!"

ಕೆಂಚಣ್ಣ ಹೆಂಡತಿಯ ರಂಗೋಲಿ ಚುಕ್ಕಿಗಳನ್ನೇ ಚೌಕಗಳೆಂದುಕೊಂಡು, ಕಾವಲುಗಾರರ ಬದಲು ಹುಣಸೆಬೀಜ ಇಟ್ಟು ನೋಡಿದ. ಪ್ರತಿ ಖಾಲಿ ಚೌಕಕ್ಕೂ ಪಕ್ಕದ ಕಾವಲಿನ ಕಣ್ಣಿರಬೇಕು, ಆದರೆ ಯಾವ ಎರಡು ಚೌಕಕ್ಕೂ ಅವವೇ ಕಾವಲುಗಾರರ ಕಣ್ಣಿರಬಾರದು. ಹಾಗೆ ಜನರನ್ನು ನಿಲ್ಲಿಸಿ, ಪಕ್ಕದ ಚೌಕದಲ್ಲಿ ಕಳ್ಳ ಕಂಡರೆ ಊದಲು ಒಬ್ಬೊಬ್ಬರಿಗೂ ಬೇರೆ ದನಿಯ ಕೊಂಬು ಕೊಟ್ಟ.

"ನಾನೇ ಕಳ್ಳ, ಹುಡುಕು ನೋಡೋಣ" ಎಂದು ದಿವಾನರು ಕಂಬಳಿ ಹೊದ್ದು ಹೊರಟರು. ಎರಡು ಕೊಂಬು ಕೂಗಿದವು; ಆ ಎರಡೇ ಕೂಗುವ ಚೌಕ ಒಂದೇ ಒಂದು.

ಕೆಂಚಣ್ಣ ತಲೆ ತಗ್ಗಿಸಿ, ಫಲ ನೋಡಲು ಅಲ್ಲೇ ಕೂತಿದ್ದ ದಿವಾನರ ಹೆಂಡತಿಗೆ ಹೇಳಿದ: "ಅಮ್ಮಾವರೇ, ಧಣಿಗಳು ಜಿಲೇಬಿ ಅಂಗಡಿ ಚೌಕದಲ್ಲಿದ್ದಾರೆ."

"ವೈದ್ಯರು ಸಿಹಿ ಮುಟ್ಟಬೇಡಿ ಅಂದಿದ್ದರಲ್ಲ!" ಎನ್ನುತ್ತ ಅಮ್ಮಾವರು ಎದ್ದೇಬಿಟ್ಟರು.

ಮರುದಿನ ಹುಕುಂ ಹೊರಟಿತು: "ಕೆಂಚಣ್ಣನ ಕೆಲಸ ಖಾಯಂ. ಜಿಲೇಬಿ ಅಂಗಡಿ ಚೌಕವನ್ನು ಯಾರೂ ನೋಡತಕ್ಕದ್ದಲ್ಲ."